ಕಟ್ಟಿನ ಮೇಲಿನ ನಾಲ್ಕು ಕಾರ್ಡು

ಕಂಪ್ಯೂಟರನ್ನು ಕಣ್ಣಿಂದ ನೋಡುವುದಕ್ಕೆ ಮೊದಲೇ ನಾನು ಅದರಿಂದ ಹತ್ತು ತಿಂಗಳು ಕೆಲಸ ಮಾಡಿಸಿದ್ದೆ. ಅದು ಪುಣೆಯಲ್ಲಿ, ನಾನು ವಿಜಾಪುರದ ಜೋರಾಪುರ ಪೇಟೆಯಲ್ಲಿ. ನಡುವೆ ಸೊಲ್ಲಾಪುರದವರೆಗೆ ಬಸ್ಸು, ಅಲ್ಲಿಂದಾಚೆ ರೈಲು, ಅದರಾಚೆ ಅಂಚೆಯವನ ಮರ್ಜಿ. ಎಪ್ಪತ್ತರ ದಶಕದ ನಡುಭಾಗದ ಮಾತು ಇದು. ಈಗಿನವರಿಗೆ ಹೇಳಿದರೆ ಮುದುಕಿ ಕತೆ ಕಟ್ಟುತ್ತಾಳೆ ಎಂದುಕೊಳ್ಳುತ್ತಾರೆ. ಎಂದುಕೊಳ್ಳಲಿ, ನನಗೇನು.

ನಾನು ತಿಕೋಟಾದವಳು. ಆಗ ವಿಜಾಪುರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ, ಹಂಗಾಮಿ ನೌಕರಿ. ಪೇಟೆಯಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿ ಇದ್ದೆ. ಅತ್ತೆಗೆ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬಬಲೇಶ್ವರದಲ್ಲಿದ್ದ ಹೊಲವನ್ನು ಮೈದುನರ ಕೈಗೆ ಕೊಡದೆ ತಾನೇ ಮಾಡಿಸುತ್ತಿದ್ದಳು. ವಾರಕ್ಕೆ ಎರಡು ಸಲ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುತ್ತಿದ್ದಳು. ಬೀಗರು, ನೆಂಟರು, ಓಣಿಯವರು ಎಲ್ಲರೂ ಹೇಳಿ ಸೋತಿದ್ದರು. ನನ್ನ ಹಟ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಅತ್ತೆಯ ಕಡೆಗೆ ಕೈ ತೋರಿಸುತ್ತಿದ್ದೆ.

ನನ್ನ ಪಿಎಚ್.ಡಿ. ಬಾವಿಗಳ ಮೇಲೆ. ಒಂದು ಬಾವಿಯಿಂದ ದಿನವಿಡೀ ನೀರೆತ್ತಿದರೆ ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟು ಇಳಿಯುತ್ತದೆ, ಅದನ್ನು ಲೆಕ್ಕ ಹಾಕಿ ಮೊದಲೇ ಹೇಳಲು ಬರುತ್ತದೆಯೇ ಎಂಬುದು ಪ್ರಶ್ನೆ. ರಜೆ ಸಿಕ್ಕಾಗಲೆಲ್ಲ ತಿಕೋಟಾದಿಂದ ಬಬಲೇಶ್ವರದವರೆಗೆ ತಿರುಗಿ, ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗಳಿಗೆ ಇಳಿಬಿಟ್ಟು ಅಳೆಯುತ್ತಿದ್ದೆ. ಹೊಲದವರಿಗೆ ಅದೊಂದು ಮೋಜು.

“ಬಾವ್ಯಾಗ ಏನ್ ಕಳಕೊಂಡೀರಿ, ಬಾಯಾರ?” ಎಂದು ಒಬ್ಬ ಕೇಳಿದ್ದ. ಕಲಿಸುವ ಹೆಂಗಸು ಅಲ್ಲಿ ಯಾವಾಗಲೂ ಬಾಯಾರು.

“ನಿದ್ದಿ ಕಳಕೊಂಡೇನ್ರಿ,” ಎಂದಿದ್ದೆ.

ಅಳತೆ ಸಿಕ್ಕಿತು, ಲೆಕ್ಕ ಮಾತ್ರ ಕೈಯಲ್ಲಿ ಮುಗಿಯುವಂಥದ್ದಾಗಿರಲಿಲ್ಲ. ಒಂದು ಬಾವಿಯ ನೀರು ಪಕ್ಕದ ನಾಲ್ಕರ ಮೇಲೆ ನಿಂತಿದೆ, ಆ ನಾಲ್ಕು ಮತ್ತೆ ಇದರ ಮೇಲೆ. ಸುತ್ತಿ ಸುತ್ತಿ ಸಾವಿರಾರು ಸಲ ಹಾಕಿದಾಗ ಮಾತ್ರ ಲೆಕ್ಕ ಒಂದು ಕಡೆ ನಿಲ್ಲುತ್ತದೆ. ನನ್ನ ಮಾರ್ಗದರ್ಶಕರು ಓಡಾಡಿ ಪುಣೆಯ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ನನಗೆ ಒಂದು ತಾಸು ಕೊಡಿಸಿದರು. ಇಡೀ ವರ್ಷಕ್ಕೆ ಒಂದು ತಾಸು, ಅರವತ್ತು ನಿಮಿಷ. ಮಾರ್ಚ್ ಮುಗಿದರೆ ಅದೂ ಮುಗಿಯಿತು. ನನ್ನ ಪಿಎಚ್.ಡಿ.ಗೂ ಅದೇ ಕೊನೆಯ ವರ್ಷ. ನಮ್ಮ ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಲ್ಲಿಸಿ ಹೇಳಿದ್ದರು: ಪದವಿ ಬಂದರೆ ನೌಕರಿ ಕಾಯಂ ಮಾಡಲು ಬರೆಯುತ್ತೇನೆ, ಬರದಿದ್ದರೆ ಮದುವೆಗೆ ವರ ನೋಡಲು ನಿಮ್ಮ ಅಪ್ಪನಿಗೆ ಬರೆಯುತ್ತೇನೆ. ಅವರು ನಕ್ಕರು. ನಾನು ನಗಲಿಲ್ಲ.

ಕೆಲಸದ ರೀತಿ ಹೀಗಿತ್ತು. ಚೌಕಳಿಯ ಹಾಳೆಗಳ ಮೇಲೆ ಒಂದೊಂದು ಮನೆಗೆ ಒಂದೊಂದು ಅಕ್ಷರದಂತೆ ಪ್ರೋಗ್ರಾಮು ಬರೆಯುವುದು, ಪುಣೆಗೆ ಕಳಿಸುವುದು. ಅಲ್ಲಿ ಅದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು, ಸಾಲಿಗೊಂದು ಕಾರ್ಡಿನಂತೆ ಕಟ್ಟು ಮಾಡುತ್ತಿದ್ದರು. ಯಂತ್ರ ಆ ಕಟ್ಟನ್ನು ಓದಿ ಮೊದಲು ತನ್ನ ಭಾಷೆಗೆ ತಿರುಗಿಸಿಕೊಳ್ಳಬೇಕು, ಆಮೇಲೆ ಲೆಕ್ಕ. ನನ್ನ ಪ್ರೋಗ್ರಾಮಿನಲ್ಲಿ ಹದಿನಾಲ್ಕು ಭಾಗ. ಎಲ್ಲವನ್ನೂ ತಿರುಗಿಸುವುದಕ್ಕೆ ಏಳು ನಿಮಿಷ, ಲೆಕ್ಕಕ್ಕೆ ಐದು. ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋದರೆ ಲೆಕ್ಕ ಶುರುವೇ ಆಗುತ್ತಿರಲಿಲ್ಲ, ಏಳು ನಿಮಿಷ ಮಾತ್ರ ಹೋಗುತ್ತಿತ್ತು. ಹದಿನೈದು ದಿನದ ಮೇಲೆ ಅಂಚೆಯಲ್ಲಿ ಕಟ್ಟು ವಾಪಸು ಬರುತ್ತಿತ್ತು, ಇಂಥ ಸಾಲಿನಲ್ಲಿ ತಪ್ಪು ಎಂಬ ಚೀಟಿಯ ಜೊತೆ. ತಿದ್ದಿ ಕಳಿಸಿದರೆ ಮತ್ತೆ ಹದಿನಾಲ್ಕೂ ಭಾಗ ತಿರುಗಿಸುವರು, ಮತ್ತೆ ಏಳು ನಿಮಿಷ. ದಸರೆ ಹೊತ್ತಿಗೆ ಲೆಕ್ಕದ ಮುಖವನ್ನೇ ನೋಡದೆ ಮುಕ್ಕಾಲು ಪಾಲು ಸಮಯ ಕಳೆದುಕೊಂಡಿದ್ದೆ. ಉಳಿದದ್ದು ಹದಿನೈದು ನಿಮಿಷ.

ಆ ದಿನಗಳಲ್ಲೇ ಒಂದು ರವಿವಾರ ಅತ್ತೆಯ ಜೊತೆ ಬಬಲೇಶ್ವರಕ್ಕೆ ಹೋಗಿದ್ದೆ. ಹಿಂಗಾರಿ ಜೋಳ ಬಿತ್ತಿ ಹತ್ತು ಹನ್ನೆರಡು ದಿನವಾಗಿತ್ತು. ಸಾಲುಗಳು ಹಸಿರಾಗಿದ್ದವು, ನಡುನಡುವೆ ಬೋಳು. ಅತ್ತೆ ಉಡಿಯಲ್ಲಿ ಕಾಳು ಕಟ್ಟಿಕೊಂಡು ಬೋಳಿದ್ದ ಕಡೆ ಕೂತು, ಕಟ್ಟಿಗೆಯಿಂದ ತೂತು ಮಾಡಿ ಎರಡೆರಡು ಕಾಳು ಊರುತ್ತಿದ್ದಳು. ನನ್ನ ತಲೆಯಲ್ಲಿ ಪುಣೆಯ ಏಳು ನಿಮಿಷವೇ ಕೊರೆಯುತ್ತಿತ್ತು. ಇಷ್ಟೊಂದು ಕಡೆ ಹುಟ್ಟಿಲ್ಲವಲ್ಲ, ಪೂರ್ತಿ ಮತ್ತೆ ಬಿತ್ತುವುದಿಲ್ಲವೇ ಎಂದು ಸುಮ್ಮನೆ ಕೇಳಿದೆ.

“ಹುಟ್ಟಿದ್ದನ್ನ ಹರಗಿ ಮತ್ತ ಬಿತ್ತತಾರೇನಬೇ?” ಎಂದು ಅತ್ತೆ ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದಳು. “ಹುಟ್ಟಿದ್ದು ಹುಟ್ಟೈತಿ. ಇಲ್ಲದ ಕಡೆ ಕಾಳು ಊರೂದು, ಮನಿಗಿ ಹೋಗೂದು. ಇದನ್ನೂ ಸಾಲ್ಯಾಗ ಕಲಿಸಬೇಕೇನು ನಿಮಗ?”

ನನಗೆ ಕೂತಲ್ಲೇ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಪುಣೆಯವರ ಮೇಲೆ. ಹದಿಮೂರು ಭಾಗ ಸರಿಯಿದ್ದರೂ ನನ್ನ ಹೊಲವನ್ನು ಅವರು ಪ್ರತಿ ಸಲವೂ ಹುಟ್ಟಿದ್ದನ್ನೂ ಕಿತ್ತು ಹರಗುತ್ತಿದ್ದರು.

ಕೇಂದ್ರದವರು ಎಲ್ಲ ಗಿರಾಕಿಗಳಿಗೂ ಒಂದು ಕೈಪಿಡಿ ಕೊಟ್ಟಿದ್ದರು. ಅದರ ಕೊನೆಯ ಅಧ್ಯಾಯಕ್ಕೆ ‘ಸಿಬ್ಬಂದಿಗೆ ಮಾತ್ರ’ ಎಂಬ ಮುದ್ರೆ. ಮುದ್ರೆ ನೋಡಿ ಅಲ್ಲಿಯವರೆಗೆ ಬಿಟ್ಟಿದ್ದೆ, ಮನೆಗೆ ಬಂದವಳೇ ಅದನ್ನೇ ಓದಿದೆ. ಕಟ್ಟಿನ ಮೇಲೆ ಅವರು ಇಡುತ್ತಿದ್ದ ನಾಲ್ಕು ಕಾರ್ಡುಗಳ ಗುಟ್ಟು ಅದರಲ್ಲಿತ್ತು. ಅವು ಲೆಕ್ಕದ ಕಾರ್ಡುಗಳಲ್ಲ, ಆಜ್ಞೆಯ ಕಾರ್ಡುಗಳು: ಇದು ಯಾರ ಕೆಲಸ, ಯಾವ ಭಾಗ ತಿರುಗಿಸಬೇಕು, ಏನನ್ನು ಏನಕ್ಕೆ ಜೋಡಿಸಬೇಕು, ಯಾವಾಗ ಓಡಿಸಬೇಕು. ಎರಡನೆಯ ಕಾರ್ಡಿನಲ್ಲಿ ಅವರು ಯಾವಾಗಲೂ ‘ಎಲ್ಲ’ ಎಂದು ಬರೆಯುತ್ತಿದ್ದರು. ಅಲ್ಲಿ ಒಂದೇ ಭಾಗದ ಹೆಸರು ಬರೆಯಬಹುದಿತ್ತು. ಉಳಿದ ಭಾಗಗಳನ್ನು ಯಂತ್ರ ಒಮ್ಮೆ ತಿರುಗಿಸಿದ್ದರೆ ಆ ತಿರುಗಿಸಿದ ರೂಪವನ್ನೂ ಕಾರ್ಡುಗಳಲ್ಲಿ ತೂತು ಹೊಡೆದು ಕೊಡುತ್ತದೆ, ಅದನ್ನೇ ಜೋಡಿಸಿದರೆ ಸಾಕು. ಏಳು ನಿಮಿಷದ ಜಾಗದಲ್ಲಿ ಅರ್ಧ ನಿಮಿಷ. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮುದ್ರೆಯ ಹಿಂದೆ ಮುಚ್ಚಿಟ್ಟಿದ್ದರು.

ಅಂಚೆಯಲ್ಲಿ ಬರೆದು ತಿರುಗಿಸಿದ ಕಾರ್ಡುಗಳನ್ನು ತರಿಸಿಕೊಂಡೆ. ಯಾಕೆ ಬೇಕು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹೊತ್ತಿಗೆ ನನ್ನ ಲೆಕ್ಕದಲ್ಲಿ ಒಂದು ಬದಲಾವಣೆಯೂ ಆಗಬೇಕಿತ್ತು. ಎಲ್ಲ ಬಾವಿಗಳ ವಿವರ ಒಂದು ಪಟ್ಟಿಯಲ್ಲಿತ್ತು: ಆಳ, ನೀರಿನ ಮಟ್ಟ, ದಂಡೆಯ ಎತ್ತರ, ಹೀಗೆ. ಅದಕ್ಕೆ ಮಣ್ಣಿನ ಜಾತಿಯನ್ನೂ ಸೇರಿಸಬೇಕಾಗಿತ್ತು, ಯಾಕೆಂದರೆ ಎರೆಮಣ್ಣಿನಲ್ಲಿ ಹರಿಯುವಂತೆ ಮಸಾರಿಯ ಕೆಂಪು ಮಣ್ಣಿನಲ್ಲಿ ನೀರು ಹರಿಯುವುದಿಲ್ಲ. ಪಟ್ಟಿಯ ನಡುವೆ ಒಂದು ಹೊಸ ಮನೆ ಮಾಡಿ ಅದನ್ನು ಸೇರಿಸಿದೆ. ಪಟ್ಟಿಯನ್ನು ಓದಿಕೊಳ್ಳುವ ಭಾಗವನ್ನು ತಿದ್ದಿದೆ; ಅಲ್ಪವಿರಾಮದ ತಪ್ಪು ಉಳಿದಿದ್ದೂ ಅದರಲ್ಲೇ. ಬೇರೆ ಹದಿಮೂರನ್ನು ನಾನು ಮುಟ್ಟಿರಲಿಲ್ಲ. ಮುಟ್ಟದಿದ್ದ ಮೇಲೆ ತಿರುಗಿಸುವುದೇಕೆ? ಬೋಳಿದ್ದ ಕಡೆ ಮಾತ್ರ ಕಾಳು. ಮೇಲಿನ ನಾಲ್ಕು ಕಾರ್ಡನ್ನು ನಾನೇ ಬರೆದು, ಎರಡನೆಯದರಲ್ಲಿ ಆ ಒಂದು ಭಾಗದ ಹೆಸರು ಹಾಕಿ ಕಳಿಸಿದೆ. ಅಲ್ಲಿ ಯಾರೂ ಗಮನಿಸಲಿಲ್ಲ, ಹಾಗೇ ಓಡಿಸಿಬಿಟ್ಟರು.

ಜನವರಿ ಕೊನೆಗೆ ಉತ್ತರ ಬಂತು. ಬಾಗಿಲಲ್ಲೇ ನಿಂತು ಪೊಟ್ಟಣ ಬಿಚ್ಚಿದೆ. ಮೊದಲ ಸಲ ಅಂಕಿಗಳು ಬಂದಿದ್ದವು, ಹಾಳೆ ತುಂಬ ಅಂಕಿಗಳು. ಅರ್ಧಕ್ಕರ್ಧ ಬಾವಿಗಳಲ್ಲಿ ನೀರು ನೆಲಕ್ಕಿಂತ ಮೇಲಿತ್ತು. ತಿಕೋಟಾದ ಒಂದು ಬಾವಿಯಲ್ಲಂತೂ ನೀರು ಮಾಳಿಗೆಯಷ್ಟು ಎತ್ತರ.

ಜೊತೆಗೆ ಕೇಂದ್ರದ ಮೇಲ್ವಿಚಾರಕರ ಕಾಗದ. ಕೆಂಪು ಶಾಯಿ. ನಿಮ್ಮ ಜಿಲ್ಲೆಯ ಬಾವಿಗಳು ಮನೆಯ ಮೇಲೆ ಹರಿಯುತ್ತವೆ ಎಂದು ತಿಳಿದು ಸಂತೋಷವಾಯಿತು, ಎಂದು ಶುರುಮಾಡಿದ್ದರು. ಹೊರಗಿನವರು ಆಜ್ಞೆಯ ಕಾರ್ಡು ಬರೆಯಬಾರದು. ನಿಮ್ಮ ಹತ್ತಿರ ಹದಿನೈದು ನಿಮಿಷ ಇದ್ದಾಗ ಪೂರ್ತಿ ತಿರುಗಿಸಿದ್ದರೆ ಹನ್ನೆರಡರಲ್ಲಿ ನಿಮ್ಮ ಲೆಕ್ಕ ಮುಗಿಯುತ್ತಿತ್ತು. ಜೋಡಿಸುವ ಹೊತ್ತೂ ಹಿಡಿದು ಈಗ ಉಳಿದದ್ದು ಒಂಬತ್ತು. ಅದರಲ್ಲಿ ಏನೂ ಆಗುವುದಿಲ್ಲ, ಮುಂದಿನ ವರ್ಷ ಅರ್ಜಿ ಹಾಕಿರಿ.

ಅವರ ಕುಚೋದ್ಯಕ್ಕಿಂತ ಅವರ ಲೆಕ್ಕವೇ ನನ್ನನ್ನು ಸುಟ್ಟಿತು, ಯಾಕೆಂದರೆ ಅದು ಸರಿಯಾಗಿತ್ತು. ಹನ್ನೆರಡು ನಿಮಿಷದಲ್ಲಿ ಮುಗಿಯುವುದಿತ್ತು. ಕೈಯಾರೆ ಕೆಡಿಸಿಕೊಂಡಿದ್ದೆ. ಎರಡು ದಿನ ಊಟ ಸೇರಲಿಲ್ಲ. ಅತ್ತೆ ಮುಂದಿಟ್ಟ ರೊಟ್ಟಿ, ಶೇಂಗಾ ಹಿಂಡಿ ಹಾಗೇ ಉಳಿಯುತ್ತಿದ್ದವು. ಮೂರನೆಯ ದಿನ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು ಅವಳು ಹೇಳಿದಳು:

“ಉಣ್ಣದಿದ್ರ ಉಣಬ್ಯಾಡ. ಅಳಾಕ ನನ್ನ ಮನಿ ಬ್ಯಾಡ. ನಡಿ, ಹೊಲಕ್ಕ ಬಾ, ಕೈಯಿಗೆ ಕೆಲಸಾ ಕೊಡ್ತೇನಿ.”

ಹೋದೆ. ಬಾವಿಯಿಂದ ಬರುವ ಕಾಲುವೆ ಮೊದಲಲ್ಲೇ ಕುಸಿಯುತ್ತದೆ ಎಂದು ಅತ್ತೆ ಹಿಂದಿನ ದಿನ ಅದರ ಬಾಯಿಯನ್ನು ಎರಡು ಮಾರು ಆಚೆ ಸರಿಸಿದ್ದಳು. ಕೆಲಸ ಮುಗಿದಿದೆ ಎಂದು ನಾನು ತಿಳಿದಿದ್ದೆ. ಅವಳು ಮಾತ್ರ ಸಲಿಕೆ ಹಿಡಿದು ಉಳ್ಳಾಗಡ್ಡಿಯ ಮಡಿಯಿಂದ ಬದನೆಯ ಮಡಿಗೆ, ಬದನೆಯಿಂದ ಮೆಣಸಿನಕಾಯಿಗೆ ಹೋಗುತ್ತ ಒಂದೊಂದರ ಬದುವನ್ನೂ ಒಡೆದು ಹೊಸದಾಗಿ ಕಟ್ಟುತ್ತಿದ್ದಳು. ಬದಲಿಸಿದ್ದು ಒಂದು ಬಾಯಿ, ಇಷ್ಟೆಲ್ಲ ಯಾಕೆ ಎಂದೆ.

“ಬಾಯಿ ಬದ್ಲಾತು. ಇನ್ನ ಆ ನೀರ ಕುಡಿಯೂ ಮಡಿ ಎಲ್ಲಾ ನೋಡಬೇಕು. ಮೊದಲಿನ ದಿಕ್ಕಿಗೇ ಬಾಯಿ ತಕ್ಕೊಂಡು ಕುಂತಿರ್ತಾವ, ನೀರು ಈಕಡಿಂದ ಬಂದ್ರ ಒಂದು ಒಣಗತೈತಿ, ಒಂದು ಮುಳಗತೈತಿ.”

“ಅಲ್ಲಿ ಜೋಳಾ?”

“ಅದು ಮಳಿ ಮ್ಯಾಲ ಬೆಳದದ್ದು. ಅದಕ್ಕ ಈ ನೀರಿನ ಹಂಗಿಲ್ಲ. ಅದರ ಉಸಾಬರಿ ನನಗ್ಯಾಕ?”

ಸಲಿಕೆಯನ್ನು ಅಲ್ಲೇ ಬಿಟ್ಟು ಬದುವಿನ ಮೇಲೆ ಕೂತುಬಿಟ್ಟೆ. ನನ್ನ ಪಟ್ಟಿಯೇ ಆ ಕಾಲುವೆಯ ಬಾಯಿ. ನಡುವೆ ಹೊಸ ಮನೆ ಮಾಡಿದಾಗ ಅದರ ಕೆಳಗಿನ ಎಲ್ಲ ಅಂಕಿಗಳೂ ಒಂದೊಂದು ಮನೆ ಮುಂದೆ ಸರಿದಿದ್ದವು. ಯಾವ ಅಂಕಿ ಎಷ್ಟನೆಯ ಮನೆಯಲ್ಲಿದೆ ಎಂಬುದನ್ನು ಯಂತ್ರ ಗುರುತು ಹಾಕಿಕೊಳ್ಳುವುದು ತಿರುಗಿಸುವಾಗ ಮಾತ್ರ, ಹಾಗಾಗಿ ಆ ಪಟ್ಟಿಯಿಂದ ಅಂಕಿ ತೆಗೆದುಕೊಳ್ಳುವ ಉಳಿದ ಭಾಗಗಳಿಗೆ ಇದು ಗೊತ್ತಿರಲಿಲ್ಲ. ಅವು ಮೊದಲಿನ ಮನೆಯಲ್ಲೇ ಕೈ ಹಾಕಿ, ನೀರಿನ ಮಟ್ಟ ಎಂದು ದಂಡೆಯ ಎತ್ತರವನ್ನೋ ಮತ್ತೊಂದನ್ನೋ ತೆಗೆದುಕೊಂಡಿದ್ದವು. ನಾನು ಮುಟ್ಟಿರಲಿಲ್ಲ, ನಿಜ. ಅವು ಕುಡಿಯುವ ನೀರನ್ನು ಮುಟ್ಟಿದ್ದೆ. ಜೋಳದ ಹೊಲದ ಬುದ್ಧಿಯನ್ನು ತೋಟದ ಮಡಿಗೆ ಹಚ್ಚಿದ್ದೆ. ತೋಟದ ನೀರಿಲ್ಲದೆ ಜೋಳವನ್ನೇ ನೋಡಿ ಬೆಳೆದ ನಮ್ಮಂಥವರು ಮಾಡುವ ತಪ್ಪು ಇದು, ಪುಣೆಯವರಿಗೆ ಇದು ಅರ್ಥವಾಗುವುದೂ ಇಲ್ಲ.

ಅತ್ತೆಗೆ ವಿವರಿಸಲು ಹೋದೆ. ಅವಳು ತಂಬಾಕು ತಿಕ್ಕುತ್ತ ಕೇಳಿಸಿಕೊಂಡು, “ನಿನ್ನ ಯಂತ್ರಕ್ಕ ಬದು ಕಟ್ಟಾಕ ಬರತೈತೇನು?” ಎಂದು ಕೇಳಿ, ಸಲಿಕೆಯನ್ನು ಮತ್ತೆ ನನ್ನ ಕೈಗೆ ಕೊಟ್ಟಳು.

ಮನೆಗೆ ಬಂದು ನೀರು ನೆಲದ ಮೇಲೆ ಹರಿದ ಆ ಹಾಳೆಯ ಬೆನ್ನ ಮೇಲೆಯೇ ಚಿತ್ರ ಬರೆದೆ. ಹದಿನಾಲ್ಕು ಭಾಗಕ್ಕೆ ಹದಿನಾಲ್ಕು ಸೊನ್ನೆ, ಪಟ್ಟಿಗೆ ಒಂದು ಚೌಕ. ಯಾರು ಯಾರಿಂದ ತೆಗೆದುಕೊಳ್ಳುತ್ತಾರೆ ಎಂದು ಗೆರೆ ಎಳೆದೆ. ಒಂದೊಂದು ಗೆರೆಯನ್ನೂ ಪ್ರೋಗ್ರಾಮಿನ ಸಾಲುಗಳ ಜೊತೆ ಮೂರು ಮೂರು ಸಲ ತಾಳೆ ನೋಡಿದೆ. ಪಟ್ಟಿಯಿಂದ ತೆಗೆದುಕೊಳ್ಳುವ ಭಾಗಗಳು ಆರು. ಅದರಲ್ಲಿ ಒಂದನ್ನು ಆಗಲೇ ತಿರುಗಿಸಿ ಆಗಿತ್ತು. ಉಳಿದದ್ದು ಐದು. ಮಿಕ್ಕ ಎಂಟಕ್ಕೆ ಆ ನೀರಿನ ಹಂಗಿರಲಿಲ್ಲ. ಐದಕ್ಕೆ ಎರಡೂವರೆ ನಿಮಿಷ, ಲೆಕ್ಕಕ್ಕೆ ಐದು. ಒಂಬತ್ತರೊಳಗೆ ಬರುತ್ತದೆ.

ಈ ಸಲ ಅಂಚೆಯನ್ನು ನಂಬಲಿಲ್ಲ. ಕಾರ್ಡುಗಳು ಬಾಗದಂತೆ ಅತ್ತೆಯ ಹಳೆಯ ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ಜೋಡಿಸಿ, ತೊಡೆಯ ಮೇಲಿಟ್ಟುಕೊಂಡು ನಾನೇ ಪುಣೆಗೆ ಹೋದೆ. ಮಾರ್ಚ್ ಮೂರನೆಯ ವಾರ.

ಕೇಂದ್ರದ ಮೇಲ್ವಿಚಾರಕರು ಸೊಲ್ಲಾಪುರದ ಕಡೆಯವರು, ಕನ್ನಡ ಬಲ್ಲವರು. ಐವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಅದೇ ಕೆಂಪು ಪೆನ್ನು. ನಾನು ಯಾರೆಂದು ಹೇಳಿದಾಗ ಗುರುತು ಹಿಡಿದರು.

“ಓಹೋ, ಮಾಳಗಿ ಮ್ಯಾಲ ನೀರು ಹರಿಸಿದ ಬಾಯಾರು ನೀವಽ ಏನು?”

“ನಾನ ರೀ,” ಎಂದು ಸೊನ್ನೆಗಳ ಚಿತ್ರವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. “ತಪ್ಪು ನಂದು. ತಪ್ಪು ಎಲ್ಲಿ ಅಂತ ಹುಡಿಕೀನಿ. ಇವತ್ತ ಈ ಐದು ಭಾಗಾ ತಿರಗಿಸ್ರಿ. ಉಳಿದದ್ದು ಇದ್ದದ್ದನ್ನ ಜೋಡಸ್ರಿ. ಮ್ಯಾಲಿನ ನಾಲ್ಕು ಕಾರ್ಡು ಬರಕೊಂಡು ಬಂದೀನಿ.”

ಅವರ ಮುಖದ ನಗೆ ಹೋಯಿತು. “ಬಾಯಾರ, ಒಮ್ಮೆ ಸುಟಗೊಂಡೀರಿ. ಇಲ್ಲಿ ಯಾರಽ ಬರಲಿ, ಪೂರ್ತಿ ಕಟ್ಟು ತಿರಗಿಸೂದಽ ನಿಯಮ. ಆಜ್ಞೆ ಕಾರ್ಡು ನಮ್ಮವರು ಬರೀತಾರ.”

“ಪೂರ್ತಿ ತಿರಗಿಸಿದ್ರ ಏಳು ನಿಮಿಷ ಹೋಗ್ತಾವ. ಎರಡರಾಗ ಲೆಕ್ಕ ಮುಗೀತೈತೇನ್ರಿ?”

“ಇಲ್ಲ. ಅದಕ್ಕಽ ಮುಂದಿನ ವರ್ಷ ಅರ್ಜಿ ಹಾಕ್ರಿ ಅಂತ ಬರದಿದ್ದೆ.”

“ನನಗ ಮುಂದಿನ ವರ್ಷ ಇಲ್ರಿ. ನಿಯಮ ಎಲ್ಲಿ ಬರದೀರಿ, ತೋರಸ್ರಿ.”

ಅವರು ಕೈಪಿಡಿ ತೆಗೆದು ಕೊನೆಯ ಅಧ್ಯಾಯದ ಮುದ್ರೆ ತೋರಿಸಿದರು. ಆ ಅಧ್ಯಾಯದ ಒಂದೊಂದು ಪುಟವೂ ನನಗೆ ಬಾಯಿಪಾಠವಾಗಿತ್ತು. ‘ಸಿಬ್ಬಂದಿಗೆ ಮಾತ್ರ’ ಎಂದಿದೆ, ಪೂರ್ತಿ ತಿರುಗಿಸಬೇಕು ಎಂದು ಎಲ್ಲಿದೆ ಎಂದು ಕೇಳಿದೆ. ಸಿಬ್ಬಂದಿಯೇ ಬರೆಯಬೇಕು ಎಂದಾದರೆ ನೀವೇ ನಿಮ್ಮ ಕೈಯಿಂದ ಬರೆಯಿರಿ, ನಾನು ಹೇಳುತ್ತೇನೆ ಎಂದೆ. ನನ್ನ ದನಿ ಏರಿತ್ತು. ಆಚೆ ಕೋಣೆಯಲ್ಲಿ ತೂತು ಹೊಡೆಯುತ್ತಿದ್ದ ಹೆಣ್ಣುಮಕ್ಕಳು ಕೈ ನಿಲ್ಲಿಸಿ ಇಣುಕಿದರು. ನಿಂತ ಕಾಲಲ್ಲೇ ಅರ್ಧ ತಾಸು ಕಳೆಯಿತು. ಅವರು ಬೇರೆ ಕಾಗದ ನೋಡಿದಂತೆ ಮಾಡಿದರು, ಚಹಾ ಕುಡಿದರು, ಒಮ್ಮೆ ಎದ್ದು ಹೋಗಿ ಬಂದರು. ನಾನು ಡಬ್ಬಿ ಹಿಡಿದು ಅಲ್ಲೇ ಇದ್ದೆ.

ಕೊನೆಗೆ ಒಂದು ಬಿಳಿ ಹಾಳೆ ಮುಂದೆ ನೂಕಿದರು. “ಬರದು ಸಹಿ ಹಾಕ್ರಿ. ಕೆಟ್ರ ಸಮಯ ಹೋತು, ಯಾರನ್ನೂ ಕೇಳಂಗಿಲ್ಲ.”

ಬರೆದೆ. ಸಹಿ ಹಾಕುವಾಗ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಗೆರೆ ಎಳೆಯುವುದನ್ನು ಮರೆತಿದ್ದರೂ ಐದು ವರ್ಷದ ಕೆಲಸ ಆ ಕೋಣೆಯಲ್ಲೇ ಮುಗಿದಂತೆ. ಅದು ಮುಗಿದರೆ ನಾನೇ ಮುಗಿಸಬೇಕು, ‘ಎಲ್ಲ’ ಎಂಬ ಅವರ ಒಂದು ಪದ ಮುಗಿಸಬಾರದು ಎಂಬ ಛಲ ಮಾತ್ರ ಗಟ್ಟಿಯಾಗಿತ್ತು.

ಯಂತ್ರವನ್ನು ನಾನು ಮೊದಲು ನೋಡಿದ್ದು ಆಗ. ಕಪಾಟುಗಳ ಸಾಲು, ತಂಪು ಗಾಳಿ. ಆಚೆ ಕೋಣೆಯ ಹೆಣ್ಣುಮಕ್ಕಳು ತೂತು ಹೊಡೆದುಕೊಟ್ಟ ನನ್ನ ನಾಲ್ಕು ಕಾರ್ಡು ಮೊದಲು ಒಳಗೆ ಹೋದವು, ಹಿಂದೆಯೇ ಕಟ್ಟು ಕಟಕಟನೆ ಸರಿಯಿತು. ಗೋಡೆಯ ಗಡಿಯಾರ ನೋಡುತ್ತ ನಿಂತೆ. ಎರಡೂವರೆ ನಿಮಿಷ ಆಗುವಷ್ಟರಲ್ಲಿ ಯಂತ್ರ ನಡೆಸುವವರು ಕೈ ಎತ್ತಿ, ಜೋಡಣೆ ಆಯಿತು ಎಂದು ಸನ್ನೆ ಮಾಡಿದರು. ಆಮೇಲಿನ ಐದು ನಿಮಿಷ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

ಅಚ್ಚಾದ ಹಾಳೆ ಕೈಗೆ ಬಂದಾಗ ಮೊದಲು ದಂಡೆಗಿಂತ ಮೇಲೆ ಹೋದ ನೀರನ್ನು ಹುಡುಕಿದೆ. ಎಲ್ಲೂ ಇರಲಿಲ್ಲ. ಆಮೇಲೆ ತಿಕೋಟಾದ ಹೊರಗಿನ ಒಂದು ಬಾವಿಯನ್ನು ಹುಡುಕಿದೆ. ಆ ಬಾವಿಯ ನೀರಿನ ಮಟ್ಟವನ್ನು ನಾನು ಬೇಕೆಂದೇ ಯಂತ್ರಕ್ಕೆ ಕೊಟ್ಟಿರಲಿಲ್ಲ, ಅದೇ ಹೇಳಲಿ ಎಂದು ಬಿಟ್ಟಿದ್ದೆ. ನನ್ನ ಹಗ್ಗದ ಅಳತೆಗೂ ಅದು ಹೇಳಿದ್ದಕ್ಕೂ ಒಂದು ಗೇಣಿನ ಅಂತರ. ಒಂದೇ ಗೇಣು. ನನಗೆ ಅಳು ಬಂತು. ಅವರ ಮುಂದೆಯೇ ಅತ್ತುಬಿಟ್ಟೆ, ನಾಚಿಕೆ ಎನಿಸಲಿಲ್ಲ.

ಮೇಲ್ವಿಚಾರಕರು ಹಾಳೆಯನ್ನು ಇಸಿದುಕೊಂಡು ಕೊನೆಯವರೆಗೂ ನೋಡಿದರು. ಕೆಂಪು ಪೆನ್ನು ತೆಗೆದು, ಏನೂ ಬರೆಯದೆ ಮತ್ತೆ ಕಿಸೆಗೆ ಸಿಕ್ಕಿಸಿಕೊಂಡರು.

“ಬರೋಬರಿ ಬಂದೈತಿ,” ಎಂದರು. “ಆದರೂ ಬಾಯಾರ, ಮುಂದಿನ ಸಲ ಪೂರ್ತಿ ಕಟ್ಟು ತಿರಗಿಸಾಕ ಕೊಡ್ರಿ. ನಿಯಮ ಅಂದ್ರ ನಿಯಮ.”

ಸೆರಗಿನಿಂದ ಕಣ್ಣೊರೆಸಿಕೊಂಡು, “ಕೊಡಂಗಿಲ್ರಿ,” ಎಂದೆ.

ಅವರು ಮೇಜಿನ ಮೇಲಿದ್ದ ನನ್ನ ಸೊನ್ನೆಗಳ ಚಿತ್ರವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಪಕ್ಕದ ಕುರ್ಚಿಯನ್ನು ನನಗೆ ಎಳೆದುಕೊಟ್ಟು ಹೇಳಿದರು: “ಕುಂಡರ್ರಿ. ಈ ಎಂಟನ್ನ ಯಾಕ ಬಿಟ್ರಿ, ಒಂದೊಂದಽ ಹೇಳ್ರಿ ನೋಡೂಣು.”